ಕರಡಿಗುಡ್ಡದ ನಿಗಾ ಪಟ್ಟಿಗಳು

ಕರಡಿಗುಡ್ಡದ ಒಂಬತ್ತು ಸಾವಿರದ ನಾಲ್ಕುನೂರು ಜನರ ಉಸಿರು ಒಂದೇ ಕೋಣೆಯ ಮೂಲಕ ಹಾದುಹೋಗುತ್ತಿತ್ತು. ಆ ಕೋಣೆಯಲ್ಲಿ ಒಂಬತ್ತು ಕುರ್ಚಿಗಳು. ಕಿಟಕಿಯ ಕಡೆಯಿಂದ ಮೂರನೆಯದು ಕಸ್ತೂರಿಯದು.

ಮೂರು ತಲೆಮಾರು ಕಲ್ಲು ಒಡೆದ ಊರು ಅದು. ಕೆಂಪು ಗ್ರಾನೈಟು ನುಣುಪಾಗಿ ದೇಶದೇಶದ ಮಹಲುಗಳ ನೆಲಕ್ಕೆ ಹೋಯಿತು, ಅದರ ದೂಳು ಊರವರ ಎದೆಯಲ್ಲಿ ಉಳಿಯಿತು. ನಲವತ್ತೈದು ದಾಟಿದರೆ ಸಾಕು, ಕಲ್ಲು ಕೊರೆದ ಗಂಡಸರೂ ಪಾಲಿಶ್ ಹಿಡಿದ ಹೆಂಗಸರೂ ನಾಲ್ಕು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಉಸಿರುಪೆಟ್ಟಿಗೆ ಬಂದ ಮೇಲೆ ಅವರು ಮತ್ತೆ ಸಂತೆಗೆ ನಡೆದು ಹೋಗತೊಡಗಿದರು.

ಪೆಟ್ಟಿಗೆಯೆಂದರೆ ಊಟದ ಡಬ್ಬಿಯಷ್ಟು ದೊಡ್ಡದು, ಸೊಂಟಕ್ಕೆ ಕಟ್ಟಿಕೊಳ್ಳುವಂಥದು. ಒಳಗೊಂದು ಜರಡಿಯಿದೆ. ಅದು ಸುತ್ತಲಿನ ಗಾಳಿಯನ್ನು ಎಳೆದುಕೊಂಡು, ಸಾರಜನಕವನ್ನು ತಡೆದು, ಆಮ್ಲಜನಕವನ್ನು ಮೂಗಿಗೆ ಕಳಿಸುತ್ತದೆ. ಬೆರಳಿಗೆ ಹಾಕಿಕೊಂಡ ಉಂಗುರ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಆಮ್ಲಜನಕದ ಹರಿವನ್ನು ಒಂದು ಮೆಟ್ಟಿಲು ಏರಿಸುವುದು ಇಳಿಸುವುದನ್ನು ಪೆಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ. ಎರಡನೆಯ ಮೆಟ್ಟಿಲಿಗೆ ಮಾತ್ರ ಮನುಷ್ಯರ ಅಪ್ಪಣೆ ಬೇಕು. ಕೆಟ್ಟ ಎದೆಗೆ ಆಮ್ಲಜನಕ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಅದಕ್ಕೇ ಇಲಾಖೆ ಈ ನಿಯಂತ್ರಣ ಕೋಣೆ ಕಟ್ಟಿ, ಕನ್ಸೋಲ್ ಕೂರಿಸಿ, ಅದರ ಮುಂದೆ ಮನುಷ್ಯರನ್ನು ಕೂರಿಸಿತ್ತು.

ಕೂತವರು ಇಪ್ಪತ್ತಾರು ಹೆಂಗಸರು, ಮೂರು ಪಾಳಿಗಳಲ್ಲಿ. ಎಲ್ಲರೂ ಕಲ್ಲಿನ ಕೆಲಸದ ಮನೆಗಳವರೇ. ಬುಟ್ಟಿ ಹೊತ್ತ ಕೈ ಕೀಲಿಮಣೆ ಹಿಡಿದೀತೇ ಎಂದು ಕೇಳಿದವರಿದ್ದರು. ಒಂದೂವರೆ ವರ್ಷದ ತರಬೇತಿ ಮುಗಿದಾಗ ಹಾಗೆ ಕೇಳಿದವರ ಮನೆಯ ಹಿರಿಯರ ಪೆಟ್ಟಿಗೆಗಳೂ ಇವರ ಕೈಕೆಳಗೆ ಬಂದಿದ್ದವು. ಐದು ವರ್ಷ ಒಂದೂ ಅಪ್ಪಣೆ ತಪ್ಪಿರಲಿಲ್ಲ. ಸೀರೆಯ ಮೇಲೆ ನೀಲಿ ಕೋಟು ಹಾಕಿಕೊಂಡು ಕಸ್ತೂರಿ ಬೀದಿಯಲ್ಲಿ ನಡೆದರೆ, ಕಟ್ಟೆಯ ಮೇಲೆ ಕೂತವರು ಕಾಲು ಕೆಳಗಿಳಿಸಿ ಕೂರುತ್ತಿದ್ದರು.

ಈಗ ಆ ಕನ್ಸೋಲ್ ನಿಧಾನವಾಗಿತ್ತು.

ಯಾವತ್ತು ಶುರುವಾಯಿತೆಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಮನೆಯಲ್ಲೇ ಇರುವ ತಾಯಿಗೆ ಮಗು ಎತ್ತರವಾದದ್ದು ಕಾಣುವುದಿಲ್ಲ, ಆರು ತಿಂಗಳಿಗೊಮ್ಮೆ ಬರುವ ಸೋದರತ್ತೆಗೆ ಕಾಣುತ್ತದೆ. ಹಾಗೆ ಇದು. ಮೊದಲು ಹೆಸರು ಒತ್ತಿದರೆ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಆ ಮನುಷ್ಯನ ಪುಟ ತೆರೆಯುತ್ತಿತ್ತು. ಆಮೇಲೆ ಐದು ಸೆಕೆಂಡು, ಆಮೇಲೆ ಇಪ್ಪತ್ತು. ಈಗ ಪರದೆಯ ನಡುವೆ ಬಿಳಿ ಚಕ್ರ ಐವತ್ತು ಸೆಕೆಂಡು ತಿರುಗುತ್ತಿತ್ತು. ಪಕ್ಕದ ಕುರ್ಚಿಯ ಶಮೀಮ್‌ಬಾನು ಮನೆಯಿಂದ ಬೆಳ್ಳುಳ್ಳಿ ತಂದು, ಚಕ್ರ ತಿರುಗುವಾಗೆಲ್ಲ ಸಿಪ್ಪೆ ಬಿಡಿಸಿ ಡಬ್ಬಿ ತುಂಬಿಸುತ್ತಿದ್ದಳು. ಹಿಂಗೇ ಆದರೆ ಮುಂದಿನ ತಿಂಗಳು ಹಿಟ್ಟು ತಂದು ಇಲ್ಲೇ ರೊಟ್ಟಿ ಬಡಿಯಬಹುದು ಎಂದು ನಗಿಸುತ್ತಿದ್ದಳು.

ಶುಕ್ರವಾರ ಆ ನಗು ನಿಂತಿತು. ಪಾಲಿಶ್ ಗಿರಣಿಯ ಹುಸೇನಸಾಬರ ಉಸಿರು ಮಧ್ಯಾಹ್ನ ಇಳಿಯಿತು. ಎರಡನೆಯ ಮೆಟ್ಟಿಲಿನ ಅಪ್ಪಣೆ ಕೊಡಲು ಕಸ್ತೂರಿ ತಕ್ಷಣವೇ ಅವರ ಹೆಸರು ಒತ್ತಿದಳು. ಚಕ್ರ ತಿರುಗಿತು. ಪುಟ ತೆರೆಯಲು ಐವತ್ತು ಸೆಕೆಂಡು, ಅಪ್ಪಣೆ ಹೋಗಲು ಇನ್ನೊಂದು ಐವತ್ತು. ಹುಸೇನಸಾಬರು ಉಳಿದರು. ಆದರೆ ಸಂಜೆ ಅವರ ಹೆಂಡತಿ ಬಾಗಿಲಲ್ಲಿ ನಿಂತು, ಯಜಮಾನರ ತುಟಿ ನೇರಳೆಹಣ್ಣಿನಂತೆ ಆಗಿತ್ತು, ಅಷ್ಟು ಹೊತ್ತು ನೀವು ಏನು ಮಾಡುತ್ತಿದ್ದಿರಿ ಎಂದು ಸಿಟ್ಟಿಲ್ಲದೆ ಕೇಳಿದಳು. ಸಿಟ್ಟಿಲ್ಲದ್ದರಿಂದಲೇ ಆ ಮಾತು ಕಸ್ತೂರಿಗೆ ಮುಳ್ಳಿನಂತೆ ನಾಟಿತು.

ಸೋಮವಾರ ಇಲಾಖೆಯ ಪತ್ರ ಬಂತು. ಉಸ್ತುವಾರಿ ಹಿರೇಮಠ ಸರ್ ಅದನ್ನು ನಿಂತುಕೊಂಡೇ ಓದಿದರು. ಗುರುವಾರ ರಾಜಧಾನಿಯಿಂದ ಪರಿವೀಕ್ಷಕರು ಬರುತ್ತಾರೆ. ಕನ್ಸೋಲಿನ ಉತ್ತರ ಹತ್ತು ಸೆಕೆಂಡಿನೊಳಗೆ ಬರದಿದ್ದರೆ ಈ ಕೋಣೆ ಮುಚ್ಚುತ್ತದೆ, ಕರಡಿಗುಡ್ಡದ ಪೆಟ್ಟಿಗೆಗಳೆಲ್ಲ ರಾಜಧಾನಿಯ ದೊಡ್ಡ ಕೇಂದ್ರಕ್ಕೆ ಸೇರುತ್ತವೆ. ಅಲ್ಲಿ ಒಬ್ಬೊಬ್ಬರ ಕೈಕೆಳಗೆ ನಲವತ್ತು ಸಾವಿರ ಪೆಟ್ಟಿಗೆಗಳಿದ್ದವು. ಇಲ್ಲಿ ಸುಗ್ಗಿಯ ಕಾಲದಲ್ಲಿ ಕಣದ ಹೊಟ್ಟು ಹಾರುವ ದಿನ ಯಾವುದು, ಯಾವ ಕ್ವಾರಿಯಲ್ಲಿ ಸಿಡಿಮದ್ದು ಹಾರುವ ಹೊತ್ತು ಯಾವುದು ಎಂಬುದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಿರೇಮಠ ಸರ್ ಒಳ್ಳೆಯವರು, ಆದರೆ ಕೈಲಾಗದು ಎಂದು ಬೇಗ ನಂಬುವವರು. ಸರ್ವರ್ ಹಳೆಯದಾಗಿದೆ, ಹೊಸದಕ್ಕೆ ಅರ್ಜಿ ಹಾಕಿದರೆ ಆರು ತಿಂಗಳು ಬೇಕು, ಕಂಪನಿಯವರಿಗೆ ಫೋನು ಮಾಡಿದರೆ ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ ಎಂದರು. ಬೆಳಿಗ್ಗೆ ಅದನ್ನೂ ಮಾಡಿದ್ದರು. ಹತ್ತು ನಿಮಿಷ ಕನ್ಸೋಲ್ ಜಿಂಕೆಯಂತೆ ಓಡಿತು. ಆಮೇಲೆ ಮತ್ತೆ ಅದೇ ಚಕ್ರ.

ಆ ಹತ್ತು ನಿಮಿಷ ಕಸ್ತೂರಿಯ ತಲೆಯಿಂದ ಹೋಗಲಿಲ್ಲ.

ಮಧ್ಯಾಹ್ನ ಮನೆಗೆ ಬಂದಾಗ ಗಂಡ ದುರಗಪ್ಪ ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ. ಇಪ್ಪತ್ತೆಂಟು ವರ್ಷ ಕ್ವಾರಿಯಲ್ಲಿ ಬಂಡೆ ಸೀಳಿದವನು. ನಾಲ್ಕು ವರ್ಷದಿಂದ ಸೊಂಟದಲ್ಲಿ ಪೆಟ್ಟಿಗೆ. ಕಸ್ತೂರಿ ಒಲೆಗೆ ಪಾತ್ರೆ ಇಡುತ್ತ ಎಲ್ಲವನ್ನೂ ಹೇಳಿದಳು. ಅವನು ಕೇಳಿಕೊಂಡು, ಬಿರುಕು ಎಲ್ಲಿದೆಯೆಂದು ನೋಡದೆ ಬಂಡೆಯೇ ಕೆಟ್ಟದ್ದು ಅನ್ನುವವ ಮೇಸ್ತ್ರಿಯೇ ಅಲ್ಲ ಎಂದ. ದೊಡ್ಡ ಬಂಡೆಯ ಒಳಬಿರುಕು ಕಣ್ಣಿಗೆ ಕಾಣುವುದಿಲ್ಲವಂತೆ. ಸುತ್ತಿಗೆಯಿಂದ ನಡುವೆ ಒಂದು ಏಟು ಹಾಕಿ ಕೇಳಬೇಕು. ಗಟ್ಟಿ ಇರುವ ಕಡೆ ಗಂಟೆಯಂತೆ ನುಡಿಯುತ್ತದೆ, ಬಿರುಕಿರುವ ಕಡೆ ಮಡಕೆಯಂತೆ. ಮಂದ ನುಡಿದ ಅರ್ಧವನ್ನು ಮತ್ತೆ ನಡುವೆ ಬಡಿಯಬೇಕು. ಹೀಗೆ ಅರ್ಧ, ಅರ್ಧದ ಅರ್ಧ.

"ಮುದಿ ಎತ್ತು ಎದ್ದ ಕೂಡಲೆ ಓಡತೈತೇನು?" ಎಂದ. "ಹತ್ತು ನಿಮಿಷ ಓಡೇತಿ ಅಂದ್ರ ಎತ್ತು ಗಟ್ಟಿನ ಐತಿ. ಓಡೂ ಮುಂದ ಮೈಮ್ಯಾಲ ಯಾರೋ ಹೇರಾಕತ್ತಾರ."

ಮಂಗಳವಾರ ಬೆಳಿಗ್ಗೆ ಕಸ್ತೂರಿ ಬಡಿಯಲು ಶುರು ಮಾಡಿದಳು. ಮೊದಲು ತನ್ನ ಕುರ್ಚಿ ಬಿಟ್ಟು ಒಂಬತ್ತೂ ಕುರ್ಚಿಗಳಲ್ಲಿ ಕೂತು ನೋಡಿದಳು. ಎಲ್ಲ ಕಡೆ ಐವತ್ತು ಸೆಕೆಂಡು. ಹಾಗಾದರೆ ದೋಷ ಕುರ್ಚಿಯದಲ್ಲ. ಹಿರೇಮಠ ಸರ್ ಕೈಯಿಂದ ಬೀಗದ ಕೈ ಇಸಕೊಂಡು ಸರ್ವರ್ ಕೋಣೆಗೆ ಹೋಗಿ, ಯಂತ್ರದ ಬಾಯಿಗೇ ಕೀಲಿಮಣೆ ಸಿಕ್ಕಿಸಿ ನೋಡಿದಳು. ಅಲ್ಲೂ ಐವತ್ತು. ಹಾಗಾದರೆ ನಡುವಿನ ತಂತಿಗಳದ್ದೂ ಅಲ್ಲ.

ಉಳಿದದ್ದು ಎರಡು. ಪೆಟ್ಟಿಗೆಗಳು ಉತ್ತರ ಕೊಡಲು ತಡ ಮಾಡುತ್ತಿರಬೇಕು, ಇಲ್ಲವೇ ಸರ್ವರ್ ಪ್ರಶ್ನೆ ಕೇಳಲು ತಡ ಮಾಡುತ್ತಿರಬೇಕು. ಕಸ್ತೂರಿ ಮನೆಗೆ ಫೋನು ಹಚ್ಚಿದಳು. ಕನ್ಸೋಲಿನಿಂದ ಯಾರದಾದರೂ ಪೆಟ್ಟಿಗೆಯನ್ನು ವಿಚಾರಿಸಿದರೆ ಅದರ ನೀಲಿ ದೀಪ ಒಮ್ಮೆ ಮಿಂಚುತ್ತದೆ. ಆ ದೀಪವನ್ನೇ ನೋಡುತ್ತ ಕೂರಬೇಕೆಂದು ದುರಗಪ್ಪನಿಗೆ ಹೇಳಿದಳು.

"ನಾ ಏನ್ ನಿನ್ನ ಕೂಲಿ ಆಳೇನ?" ಎಂದ ದುರಗಪ್ಪ. "ಒಲಿ ಮ್ಯಾಲ ಹಾಲೈತಿ."

"ಹಾಲು ಇಳಸ್ರಿ. ದೀಪ ನೋಡ್ರಿ. ಮಿಂಚಿದ ಕೂಡಲೆ ಹ್ಞೂಂ ಅನ್ರಿ."

ಅವಳು ಒತ್ತಿದಳು. ಚಕ್ರ ತಿರುಗಿತು. ಫೋನಿನಲ್ಲಿ ಅವನ ಉಸಿರು, ಹೊರಗೆ ಎಲ್ಲೋ ಕೋಳಿ ಕೂಗಿದ್ದು ಕೇಳುತ್ತಿತ್ತು. ಏನೂ ಇಲ್ಲ ಎಂದ. ಮತ್ತೆ ಏನೂ ಇಲ್ಲ ಎಂದ. ಐವತ್ತೊಂದನೆಯ ಸೆಕೆಂಡಿಗೆ "ಹ್ಞೂಂ" ಎಂದ, ಅವನ ಬಾಯಿ ಮುಚ್ಚುವ ಮೊದಲೇ ಪರದೆಯ ಮೇಲೆ ಅವನ ಪುಟ ತೆರೆದಿತ್ತು. ಪೆಟ್ಟಿಗೆ ಕೇಳಿದ ಕೂಡಲೇ ಉತ್ತರ ಕೊಟ್ಟಿತ್ತು. ಕೇಳಲು ಮಾತ್ರ ಸರ್ವರ್‌ಗೆ ಐವತ್ತು ಸೆಕೆಂಡು ಬಿಡುವಾಗಿರಲಿಲ್ಲ.

ಹಾಗಾದರೆ ಅದು ಯಾವ ಕೆಲಸದಲ್ಲಿ ಮುಳುಗಿತ್ತು?

ಕನ್ಸೋಲಿನಲ್ಲಿ 'ಕೆಲಸಗಳ ಸರದಿ' ಎಂಬ ಪುಟವಿತ್ತು. ತರಬೇತಿಯ ದಿನ ಒಮ್ಮೆ ತೋರಿಸಿದ್ದು, ಆಮೇಲೆ ಯಾರೂ ತೆರೆದಿರಲಿಲ್ಲ. ಕಸ್ತೂರಿ ಅದನ್ನು ಒತ್ತಿ ಕೈಕಟ್ಟಿ ಕೂತಳು. ಒಂಬತ್ತು ನಿಮಿಷ ಹಿಡಿಯಿತು. ಪುಟ ತೆರೆದಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ಬಗೆಯ ಸಾಲುಗಳು, ಉರುಳಿಸಿದಷ್ಟೂ ಮುಗಿಯದ ಸಾಲುಗಳು. ಒಟ್ಟು ಎಷ್ಟೆಂದು ಕೆಳಗೆ ಬರೆದಿತ್ತು: ಆರು ಸಾವಿರದ ಇನ್ನೂರ ಹನ್ನೆರಡು. ಪ್ರತಿ ಸಾಲೂ 'ನಿಗಾ' ಎಂಬ ಮಾತಿನಿಂದ ಶುರುವಾಗುತ್ತಿತ್ತು. ನಿಗಾ, ಶಮೀಮ್, ಮಾವ. ನಿಗಾ, ಶಮೀಮ್, ಅತ್ತರ ಓಣಿ ಮುತ್ಯಾ. ನಿಗಾ, ರೇಣುಕಾ, ಮಾಸ್ತರರ ತಾಯಿ. ತಾರೀಖಿನ ಪ್ರಕಾರ ಜೋಡಿಸಿದಾಗ ಎಲ್ಲಕ್ಕಿಂತ ಮೊದಲಿನದು ಮೇಲೆ ಬಂದು ನಿಂತಿತು. ನಿಗಾ, ಕಸ್ತೂರಿ, ನಮ್ಮನಿಯವರು.

ಆ ಸಾಲಿನ ಮೇಲೆ ಬೆರಳಿಟ್ಟು ಅವಳು ಮತ್ತೊಮ್ಮೆ ಓದಿದಳು.

ನಾಲ್ಕು ವರ್ಷದ ಹಿಂದೆ ದುರಗಪ್ಪ ಆಸ್ಪತ್ರೆಯಿಂದ ಮನೆಗೆ ಬಂದ ವಾರ, ಕೆಲಸದಲ್ಲಿ ಕೂತರೂ ಅವಳ ಜೀವ ಮನೆಯಲ್ಲೇ ಇರುತ್ತಿತ್ತು. ಕನ್ಸೋಲಿನಲ್ಲಿ ಬೇಕಾದವರ ಪಟ್ಟಿ ಮಾಡಿಕೊಳ್ಳುವ ಅನುಕೂಲವಿತ್ತು. ಅವಳು ಒಬ್ಬನೇ ಇರುವ ಒಂದು ಪಟ್ಟಿ ಮಾಡಿದಳು, ಮೂವತ್ತು ಸೆಕೆಂಡಿಗೊಮ್ಮೆ ಹೊಸದಾಗುವಂತೆ. ಪರದೆಯ ಮೂಲೆಯಲ್ಲಿ ಒಂದು ಹಸಿರು ಚುಕ್ಕಿ. ಅಷ್ಟೇ. ಅಪಾಯವಾದರೆ ಎಲ್ಲರಿಗೂ ಹೊಡೆಯುವ ಗಂಟೆ ಅವನಿಗೂ ಹೊಡೆಯುತ್ತಿತ್ತು. ಆ ಚುಕ್ಕಿಯಿಂದ ಅವನಿಗೆ ಒಂದು ಗುಟುಕು ಗಾಳಿಯೂ ಹೆಚ್ಚು ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಅವಳಿಗೆ ಸಮಾಧಾನ.

ಶಮೀಮ್ ಅದನ್ನು ನೋಡಿ ತನ್ನ ಮಾವನಿಗೂ ಮಾಡಿಕೊಂಡಳು. ಆಮೇಲೆ ಊರಿಗೆ ಗೊತ್ತಾಯಿತು. ಮದುವೆಯ ಪಂಕ್ತಿಯಲ್ಲಿ, ಬಸಿರಿಯ ಕುಬಸದ ಮನೆಯಲ್ಲಿ, ನಲ್ಲಿಯ ಮುಂದೆ, ಎಲ್ಲಿ ಸಿಕ್ಕರೂ ಒಂದೇ ಮಾತು: ಯವ್ವಾ, ನಮ್ಮಪ್ಪನ ಮ್ಯಾಲ ಸ್ವಲ್ಪ ನಿಗಾ ಇಡು. ಕರಡಿಗುಡ್ಡದಲ್ಲಿ ಹಾಗೆ ಕೇಳಿದವರಿಗೆ ಇಲ್ಲ ಎನ್ನುವ ವಾಡಿಕೆಯೇ ಇಲ್ಲ. ಇಪ್ಪತ್ತಾರು ಜನರೂ ಆಗಲಿ ಎಂದರು, ಆಗಲಿ ಎಂದದ್ದಕ್ಕೆ ಪಟ್ಟಿ ಮಾಡಿದರು. ಒಬ್ಬರನ್ನೇ ನಂಬದೆ ನಾಲ್ಕು ಜನರಿಗೆ ಹೇಳಿಟ್ಟವರೂ ಇದ್ದರು. ಒಬ್ಬ ಅಜ್ಜನ ಹೆಸರಿನಲ್ಲಿ ಒಂಬತ್ತು ಪಟ್ಟಿಗಳಿದ್ದವು.

ಒಬ್ಬನ ಪಟ್ಟಿಯೆಂದರೆ ಸಣ್ಣ ಕೆಲಸವೆಂದು ಎಲ್ಲರೂ ತಿಳಿದಿದ್ದರು. ಯಂತ್ರ ಹಾಗೆ ತಿಳಿದಿರಲಿಲ್ಲ. ಆ ಒಬ್ಬ ಯಾರೆಂದು ಹುಡುಕಲು ಅದು ಪ್ರತಿ ಸಲ ಒಂಬತ್ತು ಸಾವಿರದ ನಾಲ್ಕುನೂರು ಜನರನ್ನೂ ಮೊದಲಿನಿಂದ ಕೊನೆಯವರೆಗೆ ನೋಡುತ್ತಿತ್ತು. ಒಂದು ಉಪ್ಪಿನ ಡಬ್ಬಿಗಾಗಿ ಇಡೀ ಅಡಿಗೆಮನೆ ಕೆಳಗಿಳಿಸಿ, ಮತ್ತೆ ಮೇಲಿಟ್ಟು, ಮೂವತ್ತು ಸೆಕೆಂಡಿಗೆ ಮತ್ತೆ ಇಳಿಸಿದಂತೆ. ಅದೂ ಆರು ಸಾವಿರದ ಇನ್ನೂರ ಹನ್ನೆರಡು ಜನ ಹೆಂಗಸರು ಒಂದೇ ಅಡಿಗೆಮನೆಯಲ್ಲಿ. ರೀಸ್ಟಾರ್ಟ್ ಮಾಡಿದ ಮೇಲೆ ಪಟ್ಟಿಗಳು ಒಂದೊಂದಾಗಿ ಎದ್ದು ಕೂರಲು ಹತ್ತು ನಿಮಿಷ ಬೇಕಾಗುತ್ತಿತ್ತು. ಆ ಹತ್ತು ನಿಮಿಷವೇ ಕನ್ಸೋಲ್ ಓಡಿದ್ದು.

ಹುಸೇನಸಾಬರ ನೂರು ಸೆಕೆಂಡು ಎಲ್ಲಿ ಹೋಯಿತೆಂದು ಈಗ ಗೊತ್ತಾಯಿತು. ಊರವರೆಲ್ಲ ಪ್ರೀತಿಯಿಂದ ಇಟ್ಟ ನಿಗಾ ಅದನ್ನು ತಿಂದಿತ್ತು.

ಹಿರೇಮಠ ಸರ್ ಸಾಲುಗಳನ್ನು ನೋಡಿ ಕನ್ನಡಕ ತೆಗೆದರು. ಅವರ ಮುಖದಲ್ಲಿ ಭಾರ ಇಳಿದಂತೆ ಕಂಡಿತು. ತಮ್ಮ ಅಧಿಕಾರದಲ್ಲಿ ಒಂದೇ ಆದೇಶದಿಂದ ಎಲ್ಲವನ್ನೂ ಅಳಿಸಬಹುದು, ಯಾರಿಗೂ ಹೇಳಬೇಕಾಗಿಲ್ಲ, ಗುರುವಾರ ಕೇಳಿದರೆ ಹಳೆಯ ಮಾಹಿತಿ ತೆಗೆದೆವು ಎಂದರಾಯಿತು ಎಂದರು. ಇನ್ನೊಂದನ್ನು ದನಿ ತಗ್ಗಿಸಿ ಹೇಳಿದರು. ತೊಂಬತ್ತು ಸೆಕೆಂಡಿಗಿಂತ ಹೆಚ್ಚು ತಡವಾದದ್ದು ಒಬ್ಬ ಸಿಬ್ಬಂದಿಯ ಕೈಯಿಂದ ಎಂದು ದಾಖಲಾದರೆ, ವಿಚಾರಣೆ ಮುಗಿಯುವ ತನಕ ಅವರು ಮೂರು ತಿಂಗಳು ಕುರ್ಚಿ ಮುಟ್ಟುವಂತಿಲ್ಲ. ಶುಕ್ರವಾರದ್ದು ನೂರು ಸೆಕೆಂಡು.

ಕಸ್ತೂರಿ ಎರಡನೆಯ ಮಾತನ್ನು ಬದಿಗಿಟ್ಟಳು. ಮೊದಲನೆಯದಕ್ಕೆ ಒಂದು ದಿನ ಕೇಳಿದಳು. "ಸರ್, ನಿಗಾ ಇಡ್ತೀವಿ ಅಂತ ಮನಿಮನಿಗೆ ಮಾತು ಕೊಟ್ಟೀವಿ. ಅವರಿಗೆ ಹೇಳದ ಅಳಿಸಿದ್ರ ಕೊಟ್ಟ ಮಾತು ಕದ್ದಂಗ ಆಗತೈತ್ರಿ. ನಾಳೆ ಸಂಜಿ ತನಕ ಟೈಮ್ ಕೊಡ್ರಿ."

ಅವರು ಸಾಲುಗಳನ್ನು ಉರುಳಿಸುತ್ತ ಹೋದರು. ಮೂರನೆಯ ಪುಟದಲ್ಲಿ ಅವರ ತಾಯಿಯ ಹೆಸರೂ ಇತ್ತು. ಬುಧವಾರ ಐದು ಗಂಟೆ ತನಕ ಎಂದರು.

ಆ ಸಂಜೆ ರೊಟ್ಟಿ ಬಡಿಯುತ್ತ ಕಸ್ತೂರಿ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುವುದನ್ನೇ ಮರೆತಳು. ಅಂಚು ಬಿರಿದು ಸುಟ್ಟ ವಾಸನೆ ಬಂದಾಗ ದುರಗಪ್ಪ ಬಂದು ಬಾಗಿಲಿಗೆ ಒರಗಿ ನಿಂತ. ಅವಳು ಬೆನ್ನು ತಿರುಗಿಸಿಕೊಂಡೇ, ಮೊದಲಿನ ಪಟ್ಟಿ ನಿಮ್ಮದೇ, ನಾಳೆ ಅದನ್ನೂ ಅಳಿಸಬೇಕು ಎಂದಳು. ನಾಲ್ಕು ವರ್ಷ ಆ ಹಸಿರು ಚುಕ್ಕಿಯನ್ನು ನೋಡದೆ ತಾನು ಒಂದು ಗುಟುಕು ಚಹಾ ಕುಡಿದಿಲ್ಲ ಎಂದೂ ಹೇಳಿದಳು. ಅದು ಅವನಿಗೆ ಗೊತ್ತಿರಲಿಲ್ಲ.

ಅವನು ಒಳಗೆ ಬಂದು ಸುಟ್ಟ ರೊಟ್ಟಿಯನ್ನು ತಾನೇ ತೆಗೆದು ತನ್ನ ತಾಟಿಗೆ ಹಾಕಿಕೊಂಡ.

"ಕ್ವಾರ್ಯಾಗ ಮದ್ದಿಗೆ ಬೆಂಕಿ ಹಚ್ಚೂ ಮೊದಲ ನಮ್ಮ ಮೇಸ್ತ್ರಿ ತಲಿ ಎಣಿಸ್ತಿದ್ದ," ಎಂದ. "ಅವನ ತಮ್ಮನೂ ನಮ್ಮ ಗುಂಪಿನ್ಯಾಗ ಇದ್ದ. ಒಂದಿನಾನೂ ತಮ್ಮನ್ನ ಹುಡುಕಿ ಎಣಿಸಲಿಲ್ಲ. ಮೂವತ್ತಾರು ಅಂದ್ರ ಮೂವತ್ತಾರು. ಎಲ್ಲಾರೂ ಬಂದ್ರ ತಮ್ಮನೂ ಬಂದಂಗ." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡ. "ಊರಾಗ ನಾ ಒಬ್ಬನ ಉಸಿರಾಡ್ತೀನೇನು?"

ಬುಧವಾರ ಮೂರೂ ಪಾಳಿಯವರು ಬೆಳಿಗ್ಗೆಯೇ ಬಂದರು. ಕಸ್ತೂರಿ ಎಲ್ಲರ ಮುಂದೆ ನಿಂತು, ಇದನ್ನು ಶುರು ಮಾಡಿದವಳು ನಾನು, ನಿಮಗೆ ಕಲಿಸಿದವಳೂ ನಾನೇ ಎಂದಳು. ನಂತರ ತನ್ನ ಕುರ್ಚಿಯಲ್ಲಿ ಕೂತು 'ನಮ್ಮನಿಯವರು' ಎಂಬ ಪಟ್ಟಿಯನ್ನು ತೆರೆದು, ಅಳಿಸು ಎಂಬುದನ್ನು ಒತ್ತಿದಳು. ಕನ್ಸೋಲ್ ಅದಕ್ಕೂ ಐವತ್ತು ಸೆಕೆಂಡು ತೆಗೆದುಕೊಂಡಿತು. ಬೇಡವೆನಿಸಿದರೆ ರದ್ದು ಮಾಡಲು ಅಷ್ಟು ಹೊತ್ತೂ ಪಕ್ಕದಲ್ಲಿ ಕೆಂಪು ಗುಂಡಿ ಇತ್ತು. ಅವಳು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಹಸಿರು ಚುಕ್ಕಿ ಆರಿತು.

ಆ ಬಳಿಕ ಇಪ್ಪತ್ತಾರು ಜನ ಫೋನು ಹಿಡಿದರು. ಪಾಳಿಯಲ್ಲಿದ್ದ ಒಂಬತ್ತು ಜನ ಕನ್ಸೋಲ್ ನೋಡುತ್ತ ನಡುನಡುವೆ ಮಾತಾಡಿದರು, ಉಳಿದವರು ವರಾಂಡದಲ್ಲಿ, ಮೆಟ್ಟಿಲ ಮೇಲೆ, ಸೈಕಲ್ ಸ್ಟ್ಯಾಂಡಿನಲ್ಲಿ. ಹೇಳಿದ್ದು ಒಂದೇ ಮಾತು: ಬರೇ ನಿಮ್ಮವರ ಮೇಲೆಂದು ಇಟ್ಟ ನಿಗಾ ತೆಗೆಯುತ್ತಿದ್ದೇವೆ, ಯಾಕೆಂದರೆ ಅದರಿಂದ ಎಲ್ಲರ ಉಸಿರಿಗೂ ತಡವಾಗುತ್ತಿದೆ, ಇನ್ನು ಮೇಲೆ ಎಲ್ಲರ ಮೇಲೂ ಒಂದೇ ನಿಗಾ.

ಬೈದವರಿದ್ದರು. ಅಳುವ ದನಿಯಲ್ಲಿ ಬೇಡಿಕೊಂಡವರಿದ್ದರು. ಒಬ್ಬ ಅಜ್ಜಿ, ತನ್ನ ಗಂಡನಿಗೆ ವಿಶೇಷವೆಂದು ಹೇಳಿ ಊರ ತುಂಬ ಅದೇ ವಿಶೇಷ ಹಂಚಿದ್ದೀರಿ ಎಂದು ಶಮೀಮ್‌ಗೆ ಚೆನ್ನಾಗಿ ಜಾಡಿಸಿದಳು.

"ಏ ಶಮೀಮಾ, ದೀಪಾವಳಿಗೆ ಕೊಟ್ಟ ತುಪ್ಪ ಎಲ್ಲೈತಿ? ತಿರುಗಿ ಕೊಡು ನನ್ನ ತುಪ್ಪ."

"ಅದು ಹೊಟ್ಟಿ ಸೇರೇತಬೇ ಅಮ್ಮಾ," ಎಂದಳು ಶಮೀಮ್. "ನಿಮ್ಮ ಯಜಮಾನ್ರ ಹೆಸರು ಒಂಬತ್ತು ಮಂದಿಗೆ ಹೇಳೀರಂತ. ಉಳಿದ ಎಂಟು ಮಂದಿಗೆ ಏನ್ ಕೊಟ್ಟೀರಿ, ಅದನ್ನ ಹೇಳ್ರಿ ಮೊದಲ."

ಅಜ್ಜಿ ನಕ್ಕು ಫೋನು ಇಟ್ಟಳು. ಹುಸೇನಸಾಬರ ಮನೆಗೆ ಕಸ್ತೂರಿ ಫೋನು ಮಾಡಲಿಲ್ಲ, ನಡೆದೇ ಹೋದಳು. ಅವರ ಹೆಸರಿನಲ್ಲಿ ಒಂದೂ ಪಟ್ಟಿ ಇರಲಿಲ್ಲ. ಯಾರನ್ನೂ ಏನನ್ನೂ ಕೇಳುವ ಜನ ಅವರಲ್ಲ. ಕಸ್ತೂರಿ ಅವರಿಗೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. ಹುಸೇನಸಾಬರು ಹೆಂಡತಿಗೆ ಸನ್ನೆ ಮಾಡಿದರು. ಆಕೆ ಒಳಗಿನಿಂದ ನೀರು ತಂದುಕೊಟ್ಟಳು, ಕಸ್ತೂರಿ ಪೂರ್ತಿ ಕುಡಿಯುವ ತನಕ ಎದುರಿಗೇ ನಿಂತಿದ್ದಳು.

ಮಾತು ಮುಗಿದ ಮನೆಯ ಪಟ್ಟಿಯನ್ನು ಅದನ್ನು ಮಾಡಿದವಳೇ ಅಳಿಸಬೇಕೆಂದು ತಮ್ಮಲ್ಲೇ ಕಟ್ಟು ಮಾಡಿಕೊಂಡಿದ್ದರು. ಮೊದಲ ನೂರು ಪಟ್ಟಿ ಬಹಳ ಸತಾಯಿಸಿತು. ಹನ್ನೊಂದು ಗಂಟೆಗೆ ನಲವತ್ತು ಸೆಕೆಂಡು, ಊಟದ ಹೊತ್ತಿಗೆ ಇಪ್ಪತ್ತೈದು. ಮೂರು ಗಂಟೆಗೆ ರೇಣುಕಾ ಎಂಬಾಕೆ ಚಕ್ರ ಎಲ್ಲಿ ಹೋಯಿತೆಂದು ಕೇಳಿದಳು, ಯಾರಿಗೂ ಚಕ್ರ ಕಾಣಲಿಲ್ಲ. ನಾಲ್ಕೂವರೆಗೆ ಕೊನೆಯ ಪಟ್ಟಿ ಹೋಯಿತು. ಅದು ಹಿರೇಮಠ ಸರ್ ತಾಯಿಯದು, ತಾಯಿಗೆ ಸರ್ ತಾವೇ ಹೊರಗೆ ಹೋಗಿ ಫೋನು ಮಾಡಿ ಬಂದಿದ್ದರು.

ಎಲ್ಲರ ಮೇಲೂ ಒಂದೇ ನಿಗಾ ಎಂದದ್ದು ಬಾಯಿಮಾತಾಗಬಾರದು. ಕಸ್ತೂರಿ ಹಿಂದಿನ ದಿನವೇ ಕೈಪಿಡಿಯನ್ನು ಮೊದಲಿನಿಂದ ಓದಿ, ಎಪ್ಪತ್ತನೆಯ ಪುಟದಲ್ಲಿ ಒಂದು ಆಯ್ಕೆಯನ್ನು ಕಂಡಿದ್ದಳು. ಸರ್ವರ್ ಎಲ್ಲರನ್ನೂ ಮೇಲಿಂದ ಮೇಲೆ ಕೇಳುತ್ತ ತಿರುಗುವ ಬದಲು, ಪೆಟ್ಟಿಗೆಯೇ ತನ್ನನ್ನು ಕಟ್ಟಿಕೊಂಡವರ ಉಸಿರು ಬದಲಾದಾಗ ಮಾತ್ರ ಒಂದು ಮಾತು ಹೇಳುವುದು. ಹೇಳಿದವರ ಹೆಸರು ಒಂಬತ್ತೂ ಪರದೆಗಳ ಮೂಲೆಯಲ್ಲಿ ತಾನೇ ಮೇಲೇರುತ್ತದೆ. ಚೆನ್ನಾಗಿ ಉಸಿರಾಡುವ ಒಂಬತ್ತು ಸಾವಿರ ಜನ ಸುಮ್ಮನಿರುತ್ತಾರೆ, ಕಷ್ಟದಲ್ಲಿರುವ ನಾಲ್ಕು ಜನ ಕಾಣುತ್ತಾರೆ. ಐದಕ್ಕೆ ಐದು ನಿಮಿಷವಿರುವಾಗ ಅವಳು ಅದನ್ನು ಚಾಲೂ ಮಾಡಿದಳು. ಮೂಲೆಯಲ್ಲಿ ಮೂರು ಹೆಸರುಗಳು ಬಂದವು. ಆ ಮೂವರೂ ಕೋಣೆಯಲ್ಲಿದ್ದ ಯಾರಿಗೂ ನೆಂಟರಲ್ಲ. ಒಂಬತ್ತು ಜನರೂ ಅವನ್ನೇ ನೋಡುತ್ತಿದ್ದರು.

ಗುರುವಾರ ಹತ್ತು ಗಂಟೆಗೆ ಪರಿವೀಕ್ಷಕಿ ಮಾಲಿನಿ ಕಾಮತ್ ಬಂದರು. ಐವತ್ತರ ಆಸುಪಾಸಿನ ಗಂಭೀರ ಹೆಂಗಸು, ಕೈಯಲ್ಲಿ ನಿಲ್ಲಿಸುಗಡಿಯಾರ. ಚಹಾ ಬೇಡವೆಂದು ನೇರವಾಗಿ ಕಸ್ತೂರಿಯ ಪಕ್ಕ ಬಂದು ನಿಂತರು. ತಾವು ತಂದ ಚೀಟಿಯಿಂದ ಒಂದು ಹೆಸರು ಓದಿದರು, ಕಸ್ತೂರಿ ಒತ್ತಿದಳು. ಗಡಿಯಾರ ಒಂದೂವರೆ ಸೆಕೆಂಡಿಗೆ ನಿಂತಿತು. ಇಪ್ಪತ್ತು ಹೆಸರು ಓದಿದರು, ಯಾವುದೂ ಎರಡು ದಾಟಲಿಲ್ಲ. ಮುನ್ನೂರು ಪೆಟ್ಟಿಗೆಗಳನ್ನು ಒಟ್ಟಿಗೆ ವಿಚಾರಿಸಿ ಎಂದರು. ಏಳು ಸೆಕೆಂಡು. ಹಿರೇಮಠ ಸರ್ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡರು.

ಮಾಲಿನಿ ಕಾಮತ್ ಕುರ್ಚಿ ಎಳೆದುಕೊಂಡು ಕೂತು ನಮೂನೆ ಬಿಚ್ಚಿದರು. ಈ ಕೋಣೆ ಇಲ್ಲೇ ಇರುತ್ತದೆ ಎಂದು ಬರೆದು ಸಹಿ ಹಾಕಿದರು. ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ, ಆದರೆ ಒಂಬತ್ತು ಕುರ್ಚಿಗಳೂ ಒಂದೇ ಸಲ ಕಿರುಗುಟ್ಟಿದವು. ಪೆನ್ನು ಮುಚ್ಚದೆಯೇ ಅವರು, ಹೋದ ವಾರ ಐವತ್ತು ಸೆಕೆಂಡು ಇದ್ದದ್ದು ಈಗ ಹೇಗೆ ಇಳಿಯಿತೆಂದು ಕೇಳಿದರು.

ಸರ್ವರ್ ಹಳೆಯದು, ಸ್ವಲ್ಪ ಸ್ವಚ್ಛ ಮಾಡಿದೆವು ಎಂದು ಹಿರೇಮಠ ಸರ್ ಶುರು ಮಾಡಿದರು. ಅವರು ಕಸ್ತೂರಿಯ ಕಡೆ ನೋಡಲಿಲ್ಲ. ಅವಳನ್ನು ಕಾಯಲೆಂದೇ ಹಾಗೆ ಹೇಳುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು.

ಪರಿವೀಕ್ಷಕಿ ಬೇಸರದಿಂದ ಕನ್ನಡಕದ ಮೇಲಿಂದ ನೋಡಿದರು. "ಏಳು ತಾಲ್ಲೂಕಿನವರೂ ಇದನ್ನೇ ಹೇಳ್ತಾರೆ. ಹೊಸ ಸರ್ವರ್ ಕೊಟ್ಟರೆ ಆರು ತಿಂಗಳಿಗೆ ಮತ್ತೆ ಅದೇ ಕಥೆ. ನಮ್ಮ ಕೇಂದ್ರದಲ್ಲೂ ಅದೇ. ಯಾಕೆ ಅಂತ ಇಷ್ಟು ದಿನದಲ್ಲಿ ಒಬ್ಬರೂ ಬರೆದುಕೊಟ್ಟಿಲ್ಲ."

ಏಳು ತಾಲ್ಲೂಕು. ಅಲ್ಲೂ ಮಾತಿಗೆ ಇಲ್ಲ ಎನ್ನಲಾಗದ ಹೆಂಗಸರು ಕೂತಿರುತ್ತಾರೆ. ಅಲ್ಲೂ ಯಾರನ್ನೂ ಏನನ್ನೂ ಕೇಳದ ಒಬ್ಬ ಹುಸೇನಸಾಬರು ಇರುತ್ತಾರೆ. ಕಸ್ತೂರಿ ಎದ್ದು ನಿಂತಳು.

"ಕಾರಣ ನನಗ ಗೊತ್ತೈತ್ರಿ ಮೇಡಂ."

ಅವಳು ಹೇಳಿದಳು. ಮೊದಲಿನ ಪಟ್ಟಿಯಿಂದ ಹಿಡಿದು ಶುಕ್ರವಾರದ ನೂರು ಸೆಕೆಂಡಿನ ತನಕ ಏನನ್ನೂ ಬಿಡದೆ ಹೇಳಿದಳು. ಮಾಲಿನಿ ಕಾಮತ್ ಎರಡು ಸಲ ತಡೆದು ಲೆಕ್ಕ ಕೇಳಿಕೊಂಡರು, ಸರದಿಯ ಪುಟ ತೆರೆಸಿ ನೋಡಿದರು, ಎಪ್ಪತ್ತನೆಯ ಪುಟವನ್ನು ತಮ್ಮ ಫೋನಿನಲ್ಲಿ ಚಿತ್ರ ತೆಗೆದುಕೊಂಡರು. ಆಮೇಲೆ ನಮೂನೆಯ ಎರಡು ಅಂಕಣಗಳ ಮೇಲೆ ಬೆರಳಿಟ್ಟರು. ದೋಷಕ್ಕೆ ಕಾರಣರಾದವರು. ದೋಷ ಪತ್ತೆ ಮಾಡಿದವರು.

"ಮೊದಲನೆಯದರಲ್ಲಿ 'ಸಿಬ್ಬಂದಿ' ಅಂತಷ್ಟೇ ಬರೀಬಹುದು," ಎಂದರು ಮೆಲ್ಲಗೆ. "ಹೆಸರು ಬರೆದರೆ ನಿಯಮದ ಪ್ರಕಾರ ಮೂರು ತಿಂಗಳು ನೀವು ಈ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ಗೊತ್ತಲ್ಲ?"

"ಗೊತ್ತೈತ್ರಿ. ಸಿಬ್ಬಂದಿ ಅಂದ್ರ ಇಪ್ಪತ್ತಾರು ಮಂದಿ ಮ್ಯಾಲ ಬರತೈತಿ. ಹೆಸರಿಲ್ಲದ ಕಾಗದ ಯಾರೂ ನಂಬೂದಿಲ್ಲ. ಪೆನ್ನು ಕೊಡ್ರಿ."

ಕಲ್ಲೊಡ್ಡರ ಮನೆತನದ ಹೆಸರು ಅಲ್ಲಿಯ ತನಕ ಸರಕಾರದ ಕಾಗದದಲ್ಲಿ ಕೂಲಿಕಾರರ ಹಾಜರಿಯಲ್ಲಿ ಬಂದಿತ್ತು, ಆಮೇಲೆ ರೋಗಿಗಳ ಪಟ್ಟಿಯಲ್ಲಿ ಬಂದಿತ್ತು. ಕಸ್ತೂರಿ ನಮೂನೆಯನ್ನು ತನ್ನ ಕಡೆ ತಿರುಗಿಸಿಕೊಂಡು, ತರಬೇತಿಯಲ್ಲಿ ತಿದ್ದಿದ ದುಂಡಗಿನ ಅಕ್ಷರಗಳಲ್ಲಿ, ಮೊದಲ ಅಂಕಣದಲ್ಲಿ ಬರೆದಳು: ಕಸ್ತೂರಿ ದುರಗಪ್ಪ ಕಲ್ಲೊಡ್ಡರ. ಎರಡನೆಯ ಅಂಕಣದಲ್ಲಿಯೂ ಅದನ್ನೇ ಬರೆದಳು, ಒಂದಕ್ಷರವೂ ಸಣ್ಣದಾಗದಂತೆ. ಮಾಲಿನಿ ಕಾಮತ್ ಅದನ್ನು ಓದಿ, ನಮೂನೆ ಮಡಚದೆ ಹಾಗೆಯೇ ಫೈಲಿನಲ್ಲಿಟ್ಟು, ಏಳೂ ತಾಲ್ಲೂಕುಗಳಿಗೆ ಇದರ ಪ್ರತಿ ಈ ಹೆಸರಿನೊಂದಿಗೇ ಹೋಗುತ್ತದೆ ಎಂದರು.

ಕಸ್ತೂರಿ ನೀಲಿ ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಶಮೀಮ್ ಅದನ್ನು ತೆಗೆದು ಮತ್ತೆ ಅವಳ ಕೈಗೇ ಕೊಟ್ಟಳು. ಕುರ್ಚಿ ಮುಟ್ಟಬಾರದು ಅಂತ ಐತಿ, ಕೋಟು ಹಾಕಬಾರದು ಅಂತ ನಿಯಮದಾಗ ಎಲ್ಲೈತಿ, ತೋರಿಸು ಎಂದಳು. ಕಸ್ತೂರಿ ಕೋಟು ಹಾಕಿಕೊಂಡೇ ಹೊರಬಿದ್ದಳು.

ಹನ್ನೊಂದರ ಬಿಸಿಲಿನಲ್ಲಿ ಹೆಂಡತಿ ಮನೆಗೆ ಬರುವುದನ್ನು ನೋಡಿ ದುರಗಪ್ಪ ಕಟ್ಟೆಯಿಂದ ಎದ್ದು ನಿಂತ. ಕೋಣೆ ಉಳಿಯಿತೆಂದಳು. ಮೂರು ತಿಂಗಳು ಮನೆಯಲ್ಲಿರುತ್ತೇನೆಂದಳು. ಯಾಕೆಂದೂ ಹೇಳಿದಳು. ಅವನು ಪೂರ್ತಿ ಕೇಳಿದ. ಎರಡೂ ಅಂಕಣಗಳಲ್ಲಿ ಏನು ಬರೆದೆ ಎಂದು ಇನ್ನೊಮ್ಮೆ ಕೇಳಿದ. ತನ್ನ ಹೆಸರು ನಡುವೆ ಇದೆಯೇ ಎಂದು ಕೇಳಿದ. ಇದೆ ಎಂದಳು.

ದುರಗಪ್ಪ ಎರಡು ಕೈಯನ್ನೂ ಸೊಂಟಕ್ಕಿಟ್ಟು ಎದೆ ತುಂಬ ಗಾಳಿ ಎಳೆದುಕೊಂಡ. ನಾಲ್ಕು ವರ್ಷದಲ್ಲಿ ಅವನು ಹೀಗೆ ಉಸಿರೆಳೆದದ್ದನ್ನು ಕಸ್ತೂರಿ ಕಂಡಿರಲಿಲ್ಲ. ಬೇಡ, ಸುಮ್ಮನಿರಿ ಎನ್ನುವಷ್ಟರಲ್ಲಿ ಅವನು ಪಕ್ಕದ ಮನೆಯ ಗೋಡೆಯ ಆಚೆಗೆ, ಕ್ವಾರಿಯಲ್ಲಿ ಆಳುಗಳನ್ನು ಕರೆಯುತ್ತಿದ್ದ ದನಿಯಲ್ಲಿ ಕೂಗಿದ:

"ಏ ಯಮನೂರಪ್ಪಾ, ಕೇಳಿದೇನಪಾ? ನಮ್ಮಾಕಿ ಹೆಸರು ರಾಜಧಾನಿಗೆ ಹೋತು. ಒಂದ ಹಾಳ್ಯಾಗ ಎರಡೆರಡು ಸಲ."

ಕೂಗು ಮುಗಿದಾಗ ಅವನ ಉಸಿರು ಸಿಕ್ಕಿಕೊಂಡಿತು. ಸೊಂಟದ ಪೆಟ್ಟಿಗೆ ತಾನೇ ಒಂದು ಮೆಟ್ಟಿಲು ಏರಿತು.